ಮಂಗಳವಾರ ಅಳುತ್ತಿದ್ದ ಗಾಡಿ

ನಮ್ಮ ಮಾಮಾನಿಗೆ ಮುಖವೇ ಇಲ್ಲ, ಇರುವುದು ಎರಡು ಪಾದಗಳು ಮಾತ್ರ ಎಂದು ಹೋದ ಬೇಸಿಗೆಯಲ್ಲಿ ನಿಲಂಗಾದ ಒಂದು ಗಲ್ಲಿಯ ಅರ್ಧ ಜನ ನಂಬಿದ್ದರು. ನಗಬೇಡಿ! ನೀವಾಗಿದ್ದರೂ ನಂಬುತ್ತಿದ್ದಿರಿ. ನಾಯಿ ಕೂಡ ಬೊಗಳಲು ಬೇಸರಪಡುವ ಸುಡುಸುಡು ಮಧ್ಯಾಹ್ನ. ಹಿತ್ತಲಲ್ಲಿ ಹಳೆಯದೊಂದು ಗಾಡಿ. ಅದರ ಕೆಳಗಿನಿಂದ ಹೊರಗೆ ಚಾಚಿಕೊಂಡ ಎರಡು ಪಾದ. ಅಲುಗಾಟವಿಲ್ಲ. ಒಮ್ಮೊಮ್ಮೆ ಹೆಬ್ಬೆರಳ ಮೇಲೆ ಕಾಗೆಯೂ ಬಂದು ಕೂರುತ್ತಿತ್ತಂತೆ.

ಒಂದು ದಿನ ಬದನೆಕಾಯಿ ಮಾರುವ ಹೆಂಗಸು ಹಿಂದಿನ ಗಲ್ಲಿಯಲ್ಲಿ ಬರುತ್ತ ಈ ಪಾದಗಳನ್ನು ಕಂಡು ನಿಂತಳು. "ಯಜಮಾನ್ರೇ" ಎಂದು ಕರೆದಳು. ಇಲ್ಲ. ಇನ್ನೊಮ್ಮೆ ಕರೆದಳು. ಇಲ್ಲ. ಮೂರನೆಯ ಸಲ ಕರೆದಾಗ ಕೆಳಗಿನ ಕತ್ತಲಿಂದ ಟಕ್, ಟಕ್ ಎಂದು ಎರಡು ಪೆಟ್ಟು ಕೇಳಿಸಿದವು. ಆಮೇಲೆ ತಣ್ಣಗಿನ ಒಂದು ದನಿ: "ಗಡಬಡ ಮಾಡಬ್ಯಾಡ. ನೀ ಇನ್ನೂ ಸತ್ತಿಲ್ಲ. ನಾ ಕೇಳ್ಲಕತ್ತೀನಿ." ಆ ಹೆಂಗಸು ಬುಟ್ಟಿ ಅಲ್ಲೇ ಒಗೆದು ಓಡಿದ್ದು ಬಸ್ ಸ್ಟ್ಯಾಂಡಿನ ತನಕವಂತೆ! ಸ್ವಲ್ಪ ಹೊತ್ತಿಗೆ ಮಾಮಾ ತೆವಳುತ್ತ ಹೊರಗೆ ಬಂದು, ಬುಟ್ಟಿ ನೋಡಿ, "ಪಾಪ, ಯಾರೋ ಬದನಿಕಾಯಿ ಮರತು ಹೋಗ್ಯಾರ" ಎಂದು ಮನೆಯ ಕಟ್ಟೆಯ ಮೇಲೆ ಜೋಪಾನವಾಗಿ ತಂದಿಟ್ಟ. ಅವನು ಮಾತಾಡಿಸಿದ್ದು ಆಕೆಯನ್ನಲ್ಲ, ಗಾಡಿಯ ತಳದ ಹಲಗೆಯನ್ನು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ನಿಲಂಗಾದ ಪೇಟೆಯಲ್ಲಿ ಕಿರಾಣಿ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ಮಾಮಾನಿಗೆ ಜೀವನದಲ್ಲಿ ಒಂದೇ ವೈರಿ, ತೇವ. ಬೆಲ್ಲಕ್ಕೆ ತೇವ ತಾಕಬಾರದು, ಬೇಳೆಗೆ ತಾಕಬಾರದು, ಉಪ್ಪಿಗಂತೂ ಕೇಳಲೇಬೇಡಿ. ಒಮ್ಮೆ ಜೋರು ಮಳೆಯಲ್ಲಿ ಉಮರಗಾಕ್ಕೆ ನಮ್ಮ ಮನೆಗೆ ತೊಪ್ಪೆಯಾಗಿ ಬಂದ. ಬಗಲಲ್ಲಿ ಹೊಸ ಛತ್ರಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು! ಯಾಕೆ ಬಿಚ್ಚಲಿಲ್ಲವೆಂದು ಅವ್ವ ಕೇಳಿದರೆ, "ತೋಯ್ತದಲ್ಲ ಅಕ್ಕಾ" ಅಂದ. ಇಂಥವನ ಕೈಗೆ ಕಟ್ಟಿಗೆಯ ತಳದ ಗಾಡಿ ಸಿಕ್ಕರೆ ಏನಾಗಬೇಕು ಹೇಳಿ?

ಗಾಡಿ ಬಂದದ್ದು ಮಾತ್ರ ಹುಚ್ಚಿನಿಂದಲ್ಲ. ಮಾಮಿಗಾಗಿ ಬಂತು. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದು ಮಾಮಿಯ ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಪಡಸಾಲೆಯ ಹಾಸಿಗೆಯಲ್ಲಿ ಅಂಗಾತ ಮಲಗಿಯೇ ಸಂಸಾರ ನಡೆಸುತ್ತಾಳೆ. ಬಾಯಿ ಹಾಗೇ ಇದೆ, ಕಿವಿ ಇನ್ನೂ ಚುರುಕಾಗಿದೆ; ಆದರೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಕೂಡ ಕೂರಲಾಗದು. ಅತ್ತ ಉದಗೀರದಲ್ಲಿ ಆಕೆಯ ಅಕ್ಕ. ಎದೆಯ ಬೇನೆ ಇದೆ, ಊರು ದಾಟಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅದರ ಮೇಲೆ ಕಾಚಬಿಂದು ಎಂಬ ಕಣ್ಣಿನ ರೋಗ. ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದು ದಿನದಿನಕ್ಕೆ ಕಿರಿದಾಗುತ್ತ ಬಂದಿತ್ತು. ಮೊಬೈಲಿನಲ್ಲಿ ಮುಖ ತೋರಿಸಿದರೆ, "ಬರೇ ಬೆಳಕು ಕಾಣ್ತದs ತಂಗಿ, ನೀ ಎಲ್ಲಿದ್ದಿ ಗೊತ್ತಾಗವಲ್ದು" ಎನ್ನುತ್ತಿದ್ದಳಂತೆ.

ಅಕ್ಕನ ಕಣ್ಣು ಪೂರ್ತಿ ಹೋಗುವುದರೊಳಗೆ ಒಮ್ಮೆ ಎದುರಿಗೆ ಹೋಗಿ ಮುಖ ತೋರಿಸಬೇಕು. ಮಾಮಿಗಿದ್ದ ಆಸೆ ಇದೊಂದೇ. ಮಲಗಿಯೇ ಹೋಗಬೇಕು, ಸರಿ. ಅಂಬುಲೆನ್ಸ್ ಮಾಡೋಣವೆಂದು ಮಗ ಹೇಳಿದರೆ ಮಾಮಿ ಸಿಡಿದಳು: "ಏನ್ ಶಾಣ್ಯಾ ಇದ್ದೀಪಾ! ಅಂಬುಲೆನ್ಸ್ ಬಾಗಲಕ್ಕ ಬಂದು ನಿಂತಿದ್ದು ಕೇಳಿದ್ರ, ನಾ ಇಳಿಯೂದ್ರೊಳಗ ಅಕ್ಕನ್ನ ಅದರಾಗ ಹಾಕ್ಕೊಂಡು ಹೋಗಬೇಕಾಗ್ತದ!" ಅಂಬುಲೆನ್ಸಿನ ಮಾತು ಅಲ್ಲಿಗೇ ಮುಗಿಯಿತು.

ಹೀಗಿರುವಾಗ ಮಾಮಾ ಅಂಗಡಿಯ ಪಿಕಪ್ ರಿಪೇರಿಗೆಂದು ಹೆದ್ದಾರಿಯ ಮೇಲಿನ ತುರೋರಿಗೆ ಹೋದ. ಗ್ಯಾರೇಜಿನ ಹಿಂದೆ ಜಾಲಿಕಂಟಿಯ ನಡುವೆ ಒಂದು ಗಾಡಿ ಕಂಡಿತು. ಕಾರಿನ ಹಿಂದೆ ಕಟ್ಟಿ ಎಳೆಯುವಂಥದ್ದು, ಎರಡು ಗಾಲಿ, ತಗಡಿನ ಗೋಡೆ, ಗಾಜಿನ ಕಿಟಕಿ, ತಳವೆಲ್ಲ ಕಟ್ಟಿಗೆ. ಒಳಗೆ ಒಲೆ, ಕಪಾಟು, ಉದ್ದನೆಯದೊಂದು ಮಂಚ. ಬಹಳ ವರ್ಷಗಳ ಹಿಂದೆ ಯಾರೋ ಬಿಳಿಯ ಗಂಡಹೆಂಡತಿ ಹೈದರಾಬಾದಿನ ಕಡೆ ಹೊರಟಾಗ ಅಚ್ಚು ಮುರಿದು, "ತಿರುಗಿ ಬಂದು ಒಯ್ಯುತ್ತೇವೆ" ಎಂದು ಅಲ್ಲಿ ಬಿಟ್ಟು ಹೋಗಿದ್ದರಂತೆ. ಬರಲೇ ಇಲ್ಲ. ಗ್ಯಾರೇಜಿನ ಮಿಸ್ತ್ರಿಯ ತಂದೆ ಮಾತು ಕೊಟ್ಟಿದ್ದ ಎಂದು ಯಾರೂ ಮುಟ್ಟಿರಲಿಲ್ಲ. "ಒಳಗ ಯಾರೂ ಹೋಗಂಗಿಲ್ರಿ ಸಾವ್ಕಾರ್" ಎಂದ ಮಿಸ್ತ್ರಿ. "ಮಧ್ಯಾಹ್ನದಾಗ ಯಾರೋ ತಲಿ ಬಾಚ್ಕೊಂಡಂಗ ಸಪ್ಪಳ ಬರ್ತದ." ಮಾಮಾ ಒಳಗೆ ಹೋಗಿ ಮಂಚದ ಮೇಲೆ ಅಂಗಾತ ಮಲಗಿ, ತನಗಿಂತ ನಾಲ್ಕು ಬೆರಳು ಮಾಮಿ ಗಿಡ್ಡ ಎಂದು ಲೆಕ್ಕಹಾಕಿ, ಎದ್ದು ಬಂದು, "ಇದು ಬೇಕು" ಎಂದ. ದೆವ್ವಕ್ಕಿಂತ ಮಂಚದ ಉದ್ದ ದೊಡ್ಡದಾಯಿತು ನೋಡಿ ಅವನಿಗೆ!

ಅವರು ಬಂದರೆ ತಿರುಗಿ ಕೊಡಬೇಕೆಂಬ ಮಾತಿನ ಮೇಲೆ ಮಿಸ್ತ್ರಿ ಅಚ್ಚು, ಗಾಲಿ ಸರಿಮಾಡಿಕೊಟ್ಟ. ಪಿಕಪ್ಪಿಗೆ ಕಟ್ಟಿಕೊಂಡು ನಿಲಂಗಾಕ್ಕೆ ತಂದರು. ಮನೆಯವರೆಲ್ಲ ಅದಕ್ಕೆ ಮನಿಗಾಡಿ ಎಂದು ಹೆಸರಿಟ್ಟರು. ಆ ದಿನ ನಾನೂ ಇದ್ದೆ. ಕಪಾಟಿನ ಬಾಗಿಲು ತೆರೆದವಳು ನಾನೇ, ತಪ್ಪು ನನ್ನದೇ. ಒಳಗೆ ಒಂದು ಬಾಚಣಿಗೆ. ಅದರ ಹಲ್ಲಿನಲ್ಲಿ ಸಿಕ್ಕಿಕೊಂಡ ಉದ್ದುದ್ದ ಹಳದಿ ಕೂದಲು. ಮೇಲೆ ಧೂಳಿನ ಒಂದು ಕಣವೂ ಇರಲಿಲ್ಲ! ಕಪಾಟಿನ ತುಂಬ ಧೂಳು, ಬಾಚಣಿಗೆ ಮಾತ್ರ ಈಗತಾನೇ ಇಟ್ಟ ಹಾಗೆ. ನನ್ನ ಮೈಮೇಲಿನ ಕೂದಲೆಲ್ಲ ನಿಂತವು, ಒಂದನ್ನೂ ಬಾಚಲಾಗದಷ್ಟು ನೆಟ್ಟಗೆ.

ಬಾಚಣಿಗೆಯ ಸುದ್ದಿ ಪಡಸಾಲೆಗೆ ಮುಟ್ಟಿತು. ಮಾಮಿ ಹೆದರಲಿಲ್ಲ. ಆಕೆಯ ಚಿಂತೆ ಬೇರೆ. "ಕೂದಲಾ ಇರಲಿ, ಒಲಿ ಅದ ಅಂದ್ರಲ್ಲ, ಅದರ ಮ್ಯಾಲ ಏನೇನು ಬೇಯಿಸಿ ತಿಂದಾರೋ ಯಾರಿಗ್ಗೊತ್ತು! ಮಾಂಸದ ಗಾಡ್ಯಾಗ ಲಿಂಗಾ ಕಟ್ಕೊಂಡು ನಾ ಹ್ಯಾಂಗ ಮಲಗಲಿ? ದಾರ್‍ಯಾಗ ಪೂಜಿ ಹ್ಯಾಂಗ ಮಾಡಲಿ?" ನಮ್ಮ ಮನೆತನಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಮಾಮಿಯೇ ಪರಿಹಾರವನ್ನೂ ಹೇಳಿದಳು. ಹದಿನಾರು ಸೋಮವಾರ ಗಾಡಿಯ ನೆಲವನ್ನು ಕೊಡಗಟ್ಟಲೆ ನೀರು ಹಾಕಿ ತೊಳೆಯಬೇಕು. ತೊಳೆದು ವಿಭೂತಿ ನೀರು ಚಿಮುಕಿಸಬೇಕು. ಹದಿನಾರು ಮುಗಿದ ಮೇಲೆ ಉದಗೀರ. ಲೆಕ್ಕ ಹಾಕಿದರೆ ಜೂನಿನಲ್ಲಿ ಮಿರಗದ ಮಳೆ ಕೂಡುವ ವಾರಕ್ಕೆ ಸರಿಯಾಗಿ ಮುಗಿಯುತ್ತಿತ್ತು. ಮಾಮಾ ಒಪ್ಪಿದ. ಮಾಮಿಯ ಮಾತನ್ನು ಅವನು ಒಪ್ಪದೆ ಇದ್ದದ್ದು ನಾನಂತೂ ನೋಡಿಲ್ಲ.

ಸೋಮವಾರ ಮೇಲಿನ ಕೆಲಸ, ಉಳಿದ ಆರು ದಿನ ಕೆಳಗಿನ ಕೆಲಸ. ದಾರಿಯಲ್ಲಿ ಹಳ್ಳ ಇವೆ, ಕೆಸರಿದೆ, ತಳಕ್ಕೆ ತೇವ ತಾಕಿ ಹಲಗೆ ಕೊಳೆತರೆ ಮಂಚದ ಸಮೇತ ಮಾಮಿ ರಸ್ತೆಗೆ! ಬೆನ್ನಿಗೆ ಇನ್ನೊಂದು ಪೆಟ್ಟು ಬಿದ್ದರೆ ಏಳುವ ಮಾತೇ ಇಲ್ಲವೆಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮಾಮಾ ಒಂದು ಡಬ್ಬಿ ಡಾಂಬರು ತಂದು ಕಾಯಿಸಿ, ಗಾಡಿಯ ಕೆಳಗೆ ಅಂಗಾತ ಮಲಗಿ, ತಳಕ್ಕೆಲ್ಲ ದಪ್ಪಗೆ ಬಳಿದ. ಅರ್ಧ ಹಲಗೆಗೆ, ಅರ್ಧ ತನಗೆ. ಬಳಿದಾದ ಮೇಲೂ ನಂಬಿಕೆಯಿಲ್ಲ. ದಿನಾ ಮಧ್ಯಾಹ್ನ ಕೆಳಗೆ ತೂರಿ, ಸಣ್ಣ ಸುತ್ತಿಗೆಯಿಂದ ಹಲಗೆ ಬಡಿದು, ಕಿವಿ ಹಚ್ಚಿ ಕೇಳುವುದು. ಗಟ್ಟಿ ಕಟ್ಟಿಗೆ ಟಣ್ ಅನ್ನುತ್ತದೆ, ಕೊಳೆತದ್ದು ಬದ್ ಅನ್ನುತ್ತದೆ. ಇದು ಖರೆ ವಿದ್ಯೆ, ಮಿಸ್ತ್ರಿ ಹೇಳಿಕೊಟ್ಟದ್ದು. ಹಲಗೆಗಳ ಜೊತೆ ಸುಖದುಃಖ ಮಾತಾಡುವುದು ಮಾತ್ರ ಮಾಮಾನ ಸ್ವಂತದ್ದು.

"ನೀನೂ ಬಾರs, ಒಮ್ಮೆ ಕೇಳು" ಎಂದು ಒಂದು ದಿನ ನನ್ನನ್ನೂ ಕರೆದ. ನಾನು ಉಮರಗಾದಲ್ಲಿ ಶಾಲೆಯ ಮಾಸ್ತರಿಣಿ, ಐವತ್ತು ದಾಟಿದವಳು, ಸೀರೆಯುಟ್ಟು ಗಾಡಿಯ ಕೆಳಗೆ ತೆವಳಬೇಕೆ? ತೆವಳಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕೆಳಗೆ ಒಂದು ಮಾರು ಒಳಕ್ಕೆ ಹೋದರೆ ಬಾವಿಯಲ್ಲಿ ಇಳಿದಷ್ಟು ತಂಪು. ಯಾಕೆ ಅಷ್ಟು ತಂಪು? ಮೂಗಿಗೆ ಡಾಂಬರಿನ ವಾಸನೆ, ಅದರ ಹಿಂದೆ ಇನ್ನೊಂದು ವಾಸನೆ, ಬಹಳ ದಿನ ಮುಚ್ಚಿಟ್ಟ ಕೋಣೆಯದು. ಮುಖದಿಂದ ಗೇಣುದ್ದ ಮೇಲೆ ಕಪ್ಪು ಹಲಗೆಗಳು. ಮಾಮಾ ಮೂರನೆಯ ಹಲಗೆಗೆ ಎರಡು ಸಲ ಬಡಿದ. ಟಣ್, ಟಣ್. ನಾವಿಬ್ಬರೂ ಉಸಿರು ಹಿಡಿದೆವು. ಮೇಲಿನಿಂದ, ಖಾಲಿ ಗಾಡಿಯ ಒಳಗಿನಿಂದ, ಮೆಲ್ಲಗೆ ಉತ್ತರ ಬಂತು. ಟಣ್. ಟಣ್. ಟಣ್.

"ಮಾಮಾ, ನೀ ಬಡದದ್ದು ಎರಡು" ಎಂದೆ.

"ಹೌದು. ಅದು ಯಾವಾಗೂ ಒಂದು ಹೆಚ್ಚಿಗಿನs ಕೊಡ್ತದ" ಎಂದ ಮಾಮಾ, ಅಂಗಡಿಯಲ್ಲಿ ಕೊಸರು ಕೇಳುವ ಗಿರಾಕಿಗೆ ಹೇಳಿದಷ್ಟು ಸಲೀಸಾಗಿ. ನಾನು ಹೇಗೆ ಹೊರಗೆ ಬಂದೆನೋ, ಸೀರೆಯ ಅಂಚು ಎಲ್ಲಿ ಹರಿಯಿತೋ ದೇವರೇ ಬಲ್ಲ. ಅದಕ್ಕೆ ಕಾರಣ ಇವತ್ತಿನವರೆಗೂ ನನಗೆ ತಿಳಿದಿಲ್ಲ. ಬಿಸಿಲಿಗೆ ತಗಡು ಹಿಗ್ಗಿ ಸಪ್ಪಳ ಮಾಡುತ್ತದೆ ಎಂದು ನಮ್ಮ ಶಾಲೆಯ ವಿಜ್ಞಾನದ ಸರ್ ಹೇಳಿದರು. ಅವರನ್ನೊಮ್ಮೆ ಅದರ ಕೆಳಗೆ ಮಲಗಿಸಬೇಕಿತ್ತು.

ಇನ್ನು ಅರಿವೆಯ ಪ್ರಕರಣ. ಒಳಗಿನ ಬಾಗಿಲು, ಕಪಾಟು, ಮಂಚಕ್ಕೆಲ್ಲ ಅಗಸೆ ಎಣ್ಣೆ ತಿಕ್ಕಬೇಕೆಂದು ಮಾಮಾ ಔರಾದ ಶಹಾಜನಿಯ ಸಂತೆಗೆ ಹೋಗಿ ಗಾಣದ ಎಣ್ಣೆ ತಂದ. ಅರಿವೆಯಿಂದ ತಿಕ್ಕಿ ತಿಕ್ಕಿ, ಎಣ್ಣೆ ಕುಡಿದ ಅರಿವೆಗಳನ್ನೆಲ್ಲ ಉಂಡೆಮಾಡಿ ಗಾಡಿಯ ಮೆಟ್ಟಿಲ ಹತ್ತಿರ ಗುಡ್ಡೆ ಹಾಕಿ ಊಟಕ್ಕೆ ಬಂದ. ನಾವು ಇನ್ನೂ ಮಜ್ಜಿಗೆ ಅನ್ನಕ್ಕೆ ಬಂದಿರಲಿಲ್ಲ, ಹಿಂದಿನ ಮನೆಯ ಮರಾಠಿ ಹೆಂಗಸು, ಎಲ್ಲರೂ ಕಾಕು ಎಂದು ಕರೆಯುವವಳು, ಕಿರುಚಿದಳು. ಓಡಿಹೋದರೆ, ಗುಡ್ಡೆಯ ನಡುವಿನಿಂದ ಸಣ್ಣಗೆ ಹೊಗೆ ಏಳುತ್ತಿದೆ! ಬೆಂಕಿಯಿಲ್ಲ, ಬೀಡಿಯಿಲ್ಲ, ಹಿತ್ತಲಲ್ಲಿ ಒಂದು ಹುಳವೂ ಇಲ್ಲ. ನೋಡುನೋಡುತ್ತಿದ್ದಂತೆ ಉಂಡೆಯೊಂದು ತಾನಾಗಿಯೇ ಕೆಂಪಗಾಯಿತು.

ಮಾಮಾ ನೀರು ಸುರಿದು ಆರಿಸಿ, ತುರೋರಿಗೆ ಫೋನು ಹಚ್ಚಿದ. ಆ ಕಡೆಯಿಂದ ಮಿಸ್ತ್ರಿ ಬೈದದ್ದು ನಮಗೆಲ್ಲ ಕೇಳಿಸಿತು. "ಸಾವ್ಕಾರ್, ಅಗಸಿ ಎಣ್ಣಿ ಅರಿವಿ ಉಂಡಿ ಮಾಡಿ ಇಡ್ತಾರೇನ್ರಿ? ಒಣಗಲಕ್ಕ ಹತ್ತಿದ್ರ ಅದು ತಾನs ಕಾಯ್ತದ, ತಾನs ಹತ್ಕೋತದ! ಹರವಿ ಹಾಕಬೇಕ್ರಿ, ಸೀರಿ ಹರವಿದಂಗ!" ಮಾಮಾ ಅಂದಿನಿಂದ ಅರಿವೆಗಳನ್ನು ಹಗ್ಗದ ಮೇಲೆ ಸಾಲಾಗಿ ಹರವತೊಡಗಿದ. ಕಾಕುವಿಗೆ ಈ ವಿವರಣೆ ರುಚಿಸಲಿಲ್ಲ. "ಎಣ್ಣಿ ತಾನs ಹತ್ಕೋತದಂತ! ನಮ್ಮನ್ಯಾಗ ನಾಕು ಡಬ್ಬಿ ಅವ, ಒಂದರ ಹತ್ಯಾದೇನು?" ಎಂದು ಗಲ್ಲಿಯ ತುಂಬ ಕೇಳಿಕೊಂಡು ಬಂದಳು. ಹೊತ್ತಿಸಿದವಳು ಹಳದಿ ಕೂದಲಿನವಳೇ ಎಂದು ಗಲ್ಲಿ ತೀರ್ಮಾನ ಮಾಡಿತು.

ಆ ತೀರ್ಮಾನಕ್ಕೆ ಸಾಕ್ಷಿಯೂ ಒದಗಿತು. ಏಪ್ರಿಲ್ ತಿಂಗಳು. ಏಳು ತಿಂಗಳಿಂದ ಹನಿ ಮಳೆಯಿಲ್ಲ. ಬೋರ್‌ವೆಲ್ಲುಗಳೆಲ್ಲ ಕೆಮ್ಮುತ್ತಿದ್ದವು. ಅಂಥದ್ದರಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಮನಿಗಾಡಿಯ ತಳದಿಂದ ನೀರು ತೊಟ್ಟಿಕ್ಕತೊಡಗಿತು. ಟಪ್. ಬಹಳ ಹೊತ್ತು ಬಿಟ್ಟು, ಟಪ್. ಬುಧವಾರ ಇಲ್ಲ, ಗುರುವಾರ ಇಲ್ಲ. ಮುಂದಿನ ಮಂಗಳವಾರ ಮತ್ತೆ! ತಳದ ಒಂದೇ ಒಂದು ಜಾಗದಿಂದ, ಕಪ್ಪಗಿನ ನೀರು, ಮುಟ್ಟಿದರೆ ಮಂಜಿನಷ್ಟು ತಂಪು. "ಬಾಈ ರಡತೇಯ" ಎಂದಳು ಕಾಕು ಮರಾಠಿಯಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು. ಹೆಂಗಸು ಅಳುತ್ತಿದ್ದಾಳೆ! ಊರು ಬಿಟ್ಟು ಬಂದವಳು, ಗಂಡ ಒಯ್ಯಲು ಬರಲಿಲ್ಲ, ಅಳದೆ ಏನು ಮಾಡಿಯಾಳು?

ಮೂರನೆಯ ಮಂಗಳವಾರದ ಹೊತ್ತಿಗೆ ಗಾಡಿಯ ಕೆಳಗೆ ನಿಂಬೆಹಣ್ಣು, ಕುಂಕುಮ, ಹಸಿರು ಬಳೆ ಬಂದು ಬಿದ್ದಿದ್ದವು. ಯಾರೋ ಒಂದು ಹೊಸ ಬಾಚಣಿಗೆಯನ್ನೂ ಇಟ್ಟಿದ್ದರು, ಹಳೆಯದು ಸವೆದಿರಬಹುದೆಂದು! ಮಾಮಾ ಕೆಳಗೆ ತೂರಿದಾಗಲೆಲ್ಲ ನಿಂಬೆಹಣ್ಣು ಬೆನ್ನಿಗೆ ಒತ್ತುತ್ತಿದ್ದವು. ಅವನ್ನೆಲ್ಲ ಆರಿಸಿ ತಂದು ಸೊಸೆಗೆ ಕೊಟ್ಟು, "ಶರಬತ್ತು ಮಾಡವ್ವಾ" ಎಂದ. ಆಕೆ ಅವನ್ನು ಕೈಯಿಂದ ಮುಟ್ಟದೆ ಮೊರದಲ್ಲಿ ಇಸಿದುಕೊಂಡು ತಿಪ್ಪೆಗೆ ಹಾಕಿದಳು.

ಮಾಮಾ ನಗುತ್ತಿದ್ದರೂ ಅವನ ಮುಖ ಬಾಡಿತ್ತು. ಹನಿ ಬೀಳುವ ಜಾಗದ ಮೇಲೇ ಮಂಚದ ತಲೆಭಾಗ ಇತ್ತು. ಅಲ್ಲಿ ಬಡಿದರೆ ಟಣ್ ಇಲ್ಲ, ಬದ್ ಕೂಡ ಇಲ್ಲ, ಏನೂ ಕೇಳುತ್ತಿರಲಿಲ್ಲ. ಕಟ್ಟಿಗೆಯನ್ನು ಬಡಿದರೆ ಸಪ್ಪಳವೇ ಬಾರದಿರುವುದು ನಾನು ಕೇಳಿದ ಅತಿ ಕೆಟ್ಟ ಸಪ್ಪಳ! ಅತ್ತ ಉದಗೀರದಿಂದ ಫೋನು: ಅಕ್ಕನಿಗೆ ಈಗ ಎದುರಿಗೆ ನಿಂತವರ ಗಲ್ಲ ಕಂಡರೆ ಹಣೆ ಕಾಣುವುದಿಲ್ಲವಂತೆ. ಮಾಮಿ ಅಂದು ಊಟ ಬೇಡವೆಂದಳು.

ನನ್ನ ಬೇಸಿಗೆ ರಜೆ ಶುರುವಾಗಿತ್ತು. ಹನ್ನೆರಡನೆಯ ಸೋಮವಾರ ಮುಗಿದ ಮಾರನೆಯ ದಿನ ಮಾಮಾ ತುರೋರಿಯಿಂದ ಮಿಸ್ತ್ರಿಯನ್ನು ಕರೆಸಿದ. ಮಿಸ್ತ್ರಿ ಕೆಳಗೆ ತೂರಿ, ಡಾಂಬರಿನ ಪದರಕ್ಕೆ ಉಳಿ ಹಚ್ಚಿ ಕಿತ್ತ. ಒಳಗಿನಿಂದ ನೀರು ಭಸ್ಸೆಂದು ಅವನ ಎದೆಯ ಮೇಲೆ ಸುರಿಯಿತು. ಮಾಮಾ ಬಗ್ಗಿ ನೋಡಿದ. ನಾನೂ ಬಗ್ಗಿದೆ. ಕಿತ್ತ ಜಾಗದಲ್ಲಿ ಕಪ್ಪು ಹಲಗೆಯ ಮೇಲೆ ಒಂದು ಬಿಳಿ ಕೈ ಇತ್ತು. ಐದು ಬೆರಳು. ತೆಳ್ಳಗೆ, ಉದ್ದಕ್ಕೆ, ಹಲಗೆಯನ್ನು ಒಳಗಿನಿಂದ ಅವುಚಿ ಹಿಡಿದ ಹಾಗೆ. ನಾನು "ಶಿವಾ" ಎಂದು ಹಿಂದಕ್ಕೆ ಬಿದ್ದೆ.

"ಹೆದರಬ್ಯಾಡ್ರಿ ಬಾಯಾರ, ಬೂಸ್ರು ಅದ" ಎಂದು ಮಿಸ್ತ್ರಿ ಉಳಿಯಿಂದ ಒಂದು ಬೆರಳು ಕೆರೆದು ತೋರಿಸಿದ. ಬೂಷ್ಟೇ! ಆದರೂ ಐದೇ ಬೆರಳು ಯಾಕೆ ಬೇಕಿತ್ತು ಅದಕ್ಕೆ? ನಾಲ್ಕೋ ಆರೋ ಮಾಡಿಕೊಂಡಿದ್ದರೆ ನಾನು ಆ ವಾರ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಮಿಸ್ತ್ರಿ ಹೊರಗೆ ಬಂದು ಎದೆ ಒರೆಸಿಕೊಂಡ. "ಸಾವ್ಕಾರ್, ತೆಳಗಿಂದ ಒಂದು ಹನಿ ನೀರು ಒಳಗ ಹೋಗಿಲ್ಲ. ಇದು ಎಲ್ಲಾ ಮ್ಯಾಲಿಂದ ಬಂದ ನೀರು. ಒಳಗ ಯಾರರ ನೀರು ಹಾಕ್ತೀರೇನು?"

ನಾನೇ ಹೇಳಿದೆ, ಸೋಮವಾರದ ಸಂಗತಿ. ಮಿಸ್ತ್ರಿ ಹಣೆ ಬಡಿದುಕೊಂಡ. "ಮ್ಯಾಲ ಕೊಡಗಟ್ಟಲೆ ನೀರು, ತೆಳಗ ಇಷ್ಟು ದಪ್ಪ ಡಾಂಬರು. ಸಂದ್ಯಾಗ ಇಳಿದ ನೀರು ಎಲ್ಲಿ ಹೋಗಬೇಕ್ರಿ? ಕಟ್ಟಿಗೀಗೂ ಉಸಿರು ಬೇಕ್ರಿ! ಬಾಯಿ ಮುಚ್ಚಿ ನೀರು ಕುಡಿಸೀರಿ ನೀವು." ಮೇಲೆ ತೊಳೆದ ನೀರು ಡಾಂಬರಿನ ಪದರದಲ್ಲಿ ನಿಂತು, ಒಂದು ದಿನ ಕಳೆದು ಸಣ್ಣ ತೂತು ಹುಡುಕಿಕೊಂಡು ಹನಿಯುತ್ತಿತ್ತು. ಮಂಗಳವಾರದ ಕಣ್ಣೀರು ಅದೇ. ಬಿಳಿಯ ಹೆಂಗಸನ್ನು ಅನ್ಯಾಯವಾಗಿ ಅಳಿಸಿದ್ದೆವು ನಾವು! ಛತ್ರಿ ತೋಯಬಾರದೆಂದು ತಾನು ತೋಯುವ ಮನುಷ್ಯ, ಮಾಮಿಯನ್ನು ಮಲಗಿಸುವ ಜಾಗಕ್ಕೇ ಕೈಯಾರೆ ನೀರು ಹೊಯ್ದು ಕೊಳೆಸಿದ್ದ.

"ಮಾಮಿಗೆ ಹೇಳ್ತೀನಿ, ಇನ್ನ ನಾಕು ಸ್ವಾಮಾರ ತೊಳಿಯೂದು ಬ್ಯಾಡ" ಎಂದು ನಾನು ಎದ್ದೆ. ಮಾಮಾ ನನ್ನ ಕೈ ಹಿಡಿದ. "ಹೇಳಬ್ಯಾಡವ್ವಾ. ತಾ ತೊಳಿ ಅಂದದ್ದಕ್ಕs ಗಾಡಿ ಕೊಳಿತು ಅಂತ ಆಕಿಗಿ ಗೊತ್ತಾದ್ರ, ಆಕಿ ಉದಗೀರ ಹೆಸರs ತೆಗಿಯಂಗಿಲ್ಲ. ನನಗ ಗೊತ್ತದ ಆಕಿ. ಮತ್ತ ವ್ರತಾ ಅರ್ಧಕ್ಕ ಬಿಟ್ರ ಈ ಗಾಡಿ ಹತ್ತಂಗಿಲ್ಲ." ಎರಡೂ ನಿಜ.

ಮಿಸ್ತ್ರಿ ಡಾಂಬರನ್ನೆಲ್ಲ ಕೆರೆದು ತೆಗೆದ. ಕೊಳೆತ ಎರಡು ಹಲಗೆ ಕಿತ್ತು, ಅಂಗಡಿಯ ಹಳೆಯ ಸಾಗವಾನಿ ಕಪಾಟಿನ ಹಲಗೆಗಳನ್ನು ಕೊಯ್ದು ಕೂರಿಸಿದ. ಆ ಮೂರನೆಯ ಹಲಗೆಯನ್ನೂ ಬಿಚ್ಚಿ ನೋಡಿದೆವು. ಗಟ್ಟಿಯಾಗಿತ್ತು, ಮೇಲೂ ಕೆಳಗೂ ಏನೂ ಇರಲಿಲ್ಲ, ಅದನ್ನು ಹಾಗೇ ಇಟ್ಟೆವು. ತಳ ಎರಡು ವಾರ ಮೇ ತಿಂಗಳ ಬಿಸಿಗಾಳಿಗೆ ಒಣಗಿತು. ಆಮೇಲೆ ಬಿಸಿ ಮಾಡಿದ ಅಗಸೆ ಎಣ್ಣೆಯನ್ನು ಮೂರು ಸಲ ಕುಡಿಸಿದರು. ಈಗ ಮಾಮಾ ಕೆಳಗೆ ಮಲಗಿ ಬಡಿದರೆ ಎಲ್ಲ ಕಡೆ ಟಣ್ ಟಣ್.

ಆದರೆ ಸೋಮವಾರ? ಹದಿಮೂರನೆಯ ಸೋಮವಾರ ಬೆಳಿಗ್ಗೆ ಪಡಸಾಲೆಯಿಂದ ಮಾಮಿ ಕೂಗಿದಳು: "ಇವತ್ತ ಸ್ವಾಮಾರ್ರೀ, ನೆಪ್ಪದ ಇಲ್ಲ?" ಮಾಮಾ ಕೊಡ ತುಂಬಿಕೊಂಡು ಹಿತ್ತಲಿಗೆ ನಡೆದ. ತಡೆಯಲೆಂದು ನಾನು ಹಿಂದೆಯೇ ಓಡಿದೆ. ಹೋಗಿ ನೋಡುತ್ತೇನೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೊಡ ಬೋರಲು ಹಾಕಿ, ಕಸಬರಿಗೆಯಿಂದ ಬರಬರ ಉಜ್ಜುತ್ತಿದ್ದಾನೆ! ಮಾಮಿಯ ಹಾಸಿಗೆಯಿಂದ ಹಿತ್ತಲು ಕಾಣುವುದಿಲ್ಲ, ಕೇಳುತ್ತದೆ ಅಷ್ಟೇ. ಅವನು ಕಲ್ಲಿಗೆ ನೀರು ಹೊಯ್ಯುತ್ತ, ನಡುನಡುವೆ ಗಾಡಿಯ ಬಾಗಿಲನ್ನು ಧಡ್ ಎಂದು ತೆಗೆದು ಹಾಕುತ್ತ, "ಮೂಲ್ಯಾಗ ಸರಿ ಹೋಗವಲ್ದು, ಇನ್ನೊಂದು ಕೊಡಾ ತಾ" ಎಂದು ಯಾರಿಗೋ ಹೇಳುತ್ತ, ತಾನೇ ಮತ್ತೊಂದು ಕೊಡ ತರುತ್ತ, ಒಂದು ತಾಸು ನಾಟಕವಾಡಿದ. ಒಳಗಿನ ನೆಲಕ್ಕೆ ಚಿಟಿಕೆ ವಿಭೂತಿಯನ್ನು ಮಾತ್ರ ಒಣಗಿದ್ದನ್ನೇ ಉದುರಿಸಿದ. ನಾಲ್ಕೂ ಸೋಮವಾರ ಹೀಗೇ ನಡೆಯಿತು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದೆ. ಒಳಗೊಳಗೆ ಹೆದರಿಕೆಯೂ ಇತ್ತು. ವ್ರತವೆಂದರೆ ವ್ರತ, ಅದರಲ್ಲಿ ಮೋಸ ಮಾಡಿದರೆ ದಾರಿಯಲ್ಲಿ ಏನಾದರೂ ಆದರೆ?

ಹದಿನಾರು ಮುಗಿದ ಮೂರನೆಯ ದಿನ ಹೊರಟೆವು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಗ ಮತ್ತು ಮಾಮಾ ಮಾಮಿಯನ್ನು ಹಾಸಿಗೆಯ ಸಮೇತ ಎತ್ತಿ ಮಂಚದ ಮೇಲೆ ಮಲಗಿಸಿದರು. ಪಿಕಪ್ ನಡೆಸಲು ಮಾಮಾ, ಗಾಡಿಯಲ್ಲಿ ಮಾಮಿಯ ಪಕ್ಕಕ್ಕೆ ನಾನು. ಕಾಕು ಗಲ್ಲಿಯ ತುದಿಯವರೆಗೆ ನಡೆದು ಬಂದು ಕೈ ಬೀಸಿದಳು. ನಮಗೋ, ಹಳದಿ ಕೂದಲಿನವಳಿಗೋ ಗೊತ್ತಾಗಲಿಲ್ಲ. ಮಾಮಾ ಎಷ್ಟು ಮೆಲ್ಲಗೆ ನಡೆಸಿದನೆಂದರೆ ದಾರಿಯಲ್ಲಿ ಒಂದು ಆಡಿನ ಹಿಂಡು ನಮ್ಮನ್ನು ದಾಟಿ ಮುಂದೆ ಹೋಯಿತು!

ಪ್ರತಿ ತಗ್ಗಿಗೂ ನನ್ನ ಕಣ್ಣು ಮಂಚದ ತಲೆಭಾಗದ ಕೆಳಗೆ. ಅರ್ಧ ದಾರಿಯಲ್ಲಿ ನನ್ನಿಂದ ತಡೆಯಲಾಗಲಿಲ್ಲ. "ಮಾಮೀ, ಒಂದು ಮಾತು ಹೇಳ್ತೀನಿ, ಬೈಬ್ಯಾಡ. ಕಡೀ ನಾಕು ಸ್ವಾಮಾರ..."

"ಕಲ್ಲಿಗಿ ನೀರು ಹೊಯ್ದಾರ" ಎಂದಳು ಮಾಮಿ, ಗಾಡಿಯ ಸೂರು ನೋಡುತ್ತ. "ಮೂರು ವರ್ಷ ಆತು ಬರೇ ಕಿವೀಲೆ ಸಂಸಾರ ಮಾಡ್ಲಕತ್ತೀನಿ. ಕಟ್ಟಿಗಿಗಿ ಬಿದ್ದ ನೀರು ಯಾವುದು, ಕಲ್ಲಿಗಿ ಬಿದ್ದ ನೀರು ಯಾವುದು ನನಗ ತಿಳಿಯಂಗಿಲ್ಲೇನು? ಮಿಸ್ತ್ರಿ ಬೈದದ್ದೂ ಕೇಳಿಸ್ಯದ."

"ಮತ್ತ ಯಾಕ ಸುಮ್ಮನಿದ್ದಿ?"

"ಹೇಳಿದ್ರ ನಿಂದ್ರಸ್ತಿದ್ರು." ಮಾಮಿಯ ದನಿ ಸಣ್ಣದಾಯಿತು. "ಒಂದು ತಾಸು ನನ್ನ ಸಲುವಾಗಿ ಒಬ್ಬರs ಮಾತಾಡ್ಕೋತ ಕಲ್ಲು ತಿಕ್ಕತಿದ್ರಲ್ಲ, ಅದನ್ನ ಕೇಳ್ಕೋತ ನಾ ಲಿಂಗಾ ಹಿಡಕೊಂಡು ಕಣ್ಣು ಮುಚ್ಚತಿದ್ದೆ. ಅಷ್ಟು ಛಲೋ ಪೂಜಿ ನಂದು ಎಂದೂ ಆಗಿದ್ದಿಲ್ಲ ನೋಡವ್ವಾ. ಅವರಿಗಿ ಹೇಳಬ್ಯಾಡ ಮತ್ತ."

ಉದಗೀರ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಕ್ಕನನ್ನು ಆಕೆಯ ಮಗ ಕೈಹಿಡಿದು ಗಾಡಿಯ ಮೆಟ್ಟಿಲು ಹತ್ತಿಸಿದ. ಆಕೆ ಮಂಚದ ಅಂಚನ್ನು ತಡವಿ, ಬಗ್ಗಿ, ಉಳಿದ ಒಂದು ಕಣ್ಣನ್ನು ಮಾಮಿಯ ಮುಖಕ್ಕೆ ನಾಲ್ಕು ಬೆರಳು ಹತ್ತಿರ ತಂದಳು. ಗಲ್ಲದಿಂದ ಮೂಗಿಗೆ, ಮೂಗಿನಿಂದ ಹಣೆಗೆ ಮೆಲ್ಲಗೆ ಕಣ್ಣನ್ನು ಸರಿಸುತ್ತ ಹೋದಳು. ಹಣೆಯಿಂದ ತಿರುಗಿ ಗಲ್ಲಕ್ಕೆ ಬಂದಳು. ಕಾಣಲಿಲ್ಲವೆಂದೇ ನಾನು ತಿಳಿದೆ.

"ಅಯ್ಯs ತಂಗೀ" ಎಂದಳು ಅಕ್ಕ. "ಎಷ್ಟು ಬೆಳ್ಳಗ ಆಗ್ಯಾವ ನಿನ್ನ ಕೂದಲಾ! ಎಣ್ಣಿ ಹಚ್ಕೋಳಂಗಿಲ್ಲೇನು?"

"ಏನ್ರೀ! ಕೇಳಿದ್ರೇನ್ರೀ!" ಎಂದು ಮಾಮಿ ಚೀರಿದಳು. "ಅಕ್ಕಗ ಕಂಡೂ! ನನ್ನ ಬಿಳಿ ಕೂದಲಾ ಕಂಡೂ!" ಇಬ್ಬರೂ ಒಬ್ಬರ ಕುತ್ತಿಗೆಗೆ ಒಬ್ಬರು ಬಿದ್ದು ಅಳತೊಡಗಿದರು. ಇಡೀ ಗಾಡಿ ಅಲುಗಿತು.

ಮಾಮಾನ ಸುಳಿವೇ ಇಲ್ಲ. ಕೆಳಗಿಳಿದು ನೋಡಿದೆ. ಅವನು ಗಾಡಿಯ ಪಕ್ಕ ನೆಲಕ್ಕೆ ಕೂತು, ಎರಡೂ ಅಂಗೈಗಳನ್ನು ತಳದ ಹಲಗೆಗೆ ಕೊಟ್ಟು, ಕುತ್ತಿಗೆಯ ನರ ಉಬ್ಬುವಂತೆ ಮೇಲಕ್ಕೆ ಒತ್ತಿ ಹಿಡಿದಿದ್ದ.

"ಮಾಮಾ, ಏನ್ ಮಾಡ್ಲಕತ್ತೀ?"

"ನಿನ್ನ ಹಿಡಿದು ಒಳಗ ಮೂರು ಮಂದಿ ಆದ್ರಲ್ಲವ್ವಾ" ಎಂದ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಅವರು ಅತ್ತು ಮುಗಿಸೂ ತನಾ ಹಿಡಿತೀನಿ."

ನಾನೂ ಪಕ್ಕದಲ್ಲಿ ಕೂತು ನನ್ನ ಎರಡು ಕೈ ಕೊಟ್ಟೆ.